ಪೈಜಿಯಮ್ ವೃಕ್ಷವೂ ಅದರ ತೊಗಟೆಯೂ

ಮರದಿಂದ ಮನುಷ್ಯನು ಪಡೆಯುವ ವಸ್ತುಗಳಲ್ಲಿ ತೊಗಟೆಯ ಸ್ಥಾನ ವಿಚಿತ್ರವಾದುದು. ಹಣ್ಣನ್ನು ಕಿತ್ತರೆ ಮರಕ್ಕೆ ನಷ್ಟವಿಲ್ಲ. ಸೊಪ್ಪನ್ನು ತರಿದರೆ ಮತ್ತೆ ಚಿಗುರುತ್ತದೆ. ಬುಡಕ್ಕೆ ಕೊಡಲಿ ಹಾಕಿದರೆ ಮರ ಹೋಯಿತೆಂಬುದು ಕಡಿದವನಿಗೂ ನೋಡಿದವನಿಗೂ ಆಗಲೇ ತಿಳಿಯುತ್ತದೆ. ತೊಗಟೆಯ ವಿಷಯ ಹಾಗಲ್ಲ. ತೊಗಟೆ ಸುಲಿದ ಮರ ಆ ದಿನ ನಿಂತೇ ಇರುತ್ತದೆ. ಮರುದಿನವೂ ಅದರ ತಲೆಯ ಮೇಲೆ ಹಸುರೆಲೆ ತೂಗುತ್ತಿರುತ್ತದೆ. ಅದು ಬದುಕಿತೋ ಸತ್ತಿತೋ ಎಂಬುದು ಗೊತ್ತಾಗಲು ಕೆಲವು ವರ್ಷಗಳೇ ಬೇಕು. ಅಷ್ಟರಲ್ಲಿ ಸುಲಿದವನು ಬೇರೊಂದು ಕಾಡನ್ನು ಹೊಕ್ಕಿರುತ್ತಾನೆ, ತೊಗಟೆ ಕಡಲನ್ನು ದಾಟಿರುತ್ತದೆ, ಅದರ ಸಾರವನ್ನು ನುಂಗಿದ ರೋಗಿ ಅದನ್ನು ಮರೆತಿರುತ್ತಾನೆ. ತಪ್ಪಿಗೂ ಅದರ ಫಲಕ್ಕೂ ನಡುವೆ ಇರುವ ಈ ಅಂತರದಿಂದಲೇ ಆಫ್ರಿಕದ ಒಂದು ನಿತ್ಯಹರಿದ್ವರ್ಣ ವೃಕ್ಷ ಈಗ ಸಂಕಟಕ್ಕೆ ಸಿಕ್ಕಿದೆ ಎಂಬುದು ನಮ್ಮ ಅಭಿಪ್ರಾಯ. ಅದನ್ನು ಉಳಿಸಲು ಕಾನೂನೊಂದೇ ಸಾಲದು ಎಂದೂ ನಾವು ಭಾವಿಸುತ್ತೇವೆ. ಏಕೆಂಬುದನ್ನು ವಿವರಿಸುವುದಕ್ಕೆ ಮೊದಲು ಆ ಮರದ ಪರಿಚಯವನ್ನು ಮಾಡಿಕೊಡಬೇಕು.

ಅದರ ಶಾಸ್ತ್ರೀಯ ನಾಮ ಪ್ರೂನಸ್ ಆಫ್ರಿಕಾನಾ. ಗುಲಾಬಿಯ ಕುಟುಂಬಕ್ಕೆ ಸೇರಿದ್ದು; ಬಾದಾಮಿ, ಪ್ಲಮ್, ಪೀಚ್, ಚೆರಿಗಳು ಇದರ ಒಡಹುಟ್ಟುಗಳು. ಈ ಜಾತಿಯ ಇತರ ಮರಗಳು ಬಹುಮಟ್ಟಿಗೆ ಶೀತ ಮತ್ತು ಸಮಶೀತೋಷ್ಣ ದೇಶಗಳವು; ಚಳಿಗಾಲದಲ್ಲಿ ಎಲೆಯುದುರಿಸಿ ಬೋಳಾಗಿ ನಿಲ್ಲುವಂಥವು. ಆಫ್ರಿಕದ ಬಂಧುವಾದರೋ ವರ್ಷವೆಲ್ಲ ಹಸುರಾಗಿರುತ್ತದೆ. ಎಲೆ ದಪ್ಪ, ಹೊಳಪುಳ್ಳದ್ದು, ಕಡುಹಸುರು, ತೊಟ್ಟು ನಸುಗೆಂಪು. ಎಲೆಯನ್ನು ಬೆರಳಲ್ಲಿ ಹೊಸಕಿ ಮೂಸಿದರೆ ಕಹಿ ಬಾದಾಮಿಯ ವಾಸನೆ ಬರುತ್ತದೆ. ಆ ವಾಸನೆಗೆ ಕಾರಣ ಎಲೆಯಲ್ಲಿ ಸೈಯನೈಡನ್ನು ಬಿಡುಗಡೆ ಮಾಡಬಲ್ಲ ಸಂಯುಕ್ತಗಳಿರುವುದು; ತನ್ನನ್ನು ಮೇಯಲು ಬರುವ ಪ್ರಾಣಿಗಳಿಂದ ರಕ್ಷಿಸಿಕೊಳ್ಳಲು ಈ ಕುಲದ ಮರಗಳು ಕಂಡುಕೊಂಡಿರುವ ಉಪಾಯವದು. ಮರ ಇಪ್ಪತ್ತೈದು ಮೂವತ್ತು ಮೀಟರು, ಕೆಲವೊಮ್ಮೆ ಅದಕ್ಕೂ ಮೀರಿ ಬೆಳೆಯುತ್ತದೆ. ಕಾಂಡದ ತೊಗಟೆ ಕಪ್ಪುಗಂದು ಬಣ್ಣದ್ದು, ಒರಟು, ಚೌಕಚೌಕವಾಗಿ ಸೀಳಿರುವುದು. ಹೂ ಬಿಳಿ, ಸಣ್ಣದು, ಗೊಂಚಲಾಗಿ ಬಿಡುತ್ತದೆ, ಜೇನುನೊಣಗಳಿಗೆ ಪ್ರಿಯ. ಹಣ್ಣು ಒಂದು ಸೆಂಟಿಮೀಟರಿನ ಆಸುಪಾಸು, ಉದ್ದಕ್ಕಿಂತ ಅಗಲ ಹೆಚ್ಚು, ಹಣ್ಣಾದಾಗ ಕೆನ್ನೇರಿಳೆ. ಚೆರಿಯ ಬಂಧುವೆಂದು ನಂಬಿ ನಾವು ಬಾಯಿಗೆ ಹಾಕಿಕೊಂಡರೆ ಉಗುಳಬೇಕಾಗುತ್ತದೆ, ಅಷ್ಟು ಕಹಿ. ಆದರೆ ಕೋತಿಗಳೂ ಹಕ್ಕಿಗಳೂ ಅದನ್ನು ಆಸೆಯಿಂದ ತಿನ್ನುತ್ತವೆ, ಬೀಜವನ್ನು ದೂರಕ್ಕೆ ಒಯ್ಯುತ್ತವೆ.

ಈ ಮರ ಎಲ್ಲಿದೆ ಎಂದು ಕೇಳಿದರೆ ಆಫ್ರಿಕದ ಭೂಪಟವನ್ನು ಮುಂದಿಟ್ಟುಕೊಳ್ಳಬೇಕು. ಪಶ್ಚಿಮದಲ್ಲಿ ಕ್ಯಾಮರೂನ್ ದೇಶದ ಬೆಟ್ಟಗಳು, ಅದರ ಎದುರಿನ ಸಮುದ್ರದಲ್ಲಿರುವ ಬಿಯೋಕೋ ದ್ವೀಪ. ಪೂರ್ವದಲ್ಲಿ ಇಥಿಯೋಪಿಯ, ಕೀನ್ಯ, ಯುಗಾಂಡ, ಟಾಂಜಾನಿಯ. ದಕ್ಷಿಣಕ್ಕೆ ಇಳಿದಂತೆ ಮಲಾವಿ, ಜಿಂಬಾಬ್ವೆ, ಮೊಜಾಂಬಿಕ್, ಕೊನೆಗೆ ದಕ್ಷಿಣ ಆಫ್ರಿಕ. ಕಡಲಾಚೆ ಮಡಗಾಸ್ಕರ್ ಮತ್ತು ಕೊಮೊರೋ ದ್ವೀಪಗಳು. ಹೆಸರುಗಳನ್ನು ನೋಡಿದರೆ ಖಂಡವನ್ನೆಲ್ಲ ವ್ಯಾಪಿಸಿದಂತೆ ತೋರುತ್ತದೆ. ವಾಸ್ತವವಾಗಿ ಅದು ಬೆಳೆಯುವುದು ತಂಪಾದ ಬೆಟ್ಟದ ಕಾಡುಗಳಲ್ಲಿ ಮಾತ್ರ. ಸಾಮಾನ್ಯವಾಗಿ ಸಮುದ್ರಮಟ್ಟದಿಂದ ೯೦೦ ಮೀಟರಿನಿಂದ ೩೦೦೦ ಮೀಟರಿನವರೆಗೆ, ಮಂಜು ಕವಿದು ಮಳೆ ಚೆನ್ನಾಗಿ ಬೀಳುವ ಇಳಿಜಾರುಗಳಲ್ಲಿ. ಒಂದು ಬೆಟ್ಟಕ್ಕೂ ಮತ್ತೊಂದಕ್ಕೂ ನಡುವೆ ನೂರಾರು ಮೈಲಿ ಬಿಸಿಯಾದ ತಗ್ಗುಪ್ರದೇಶ. ಆದುದರಿಂದ ಇದರ ನೆಲೆಗಳನ್ನು ಕಡಲಿನ ನಡುವಣ ದ್ವೀಪಗಳಿಗೆ ಹೋಲಿಸುವುದು ವಾಡಿಕೆ. ದ್ವೀಪವಾಸಿಗಳಂತೆಯೇ ಒಂದೊಂದು ಬೆಟ್ಟದ ಮರಗಳೂ ಕಾಲಕ್ರಮದಲ್ಲಿ ಸ್ವಲ್ಪ ಸ್ವಲ್ಪ ಭಿನ್ನವಾಗಿವೆ. ಇತ್ತೀಚಿನ ಅನುವಂಶಿಕ ಪರೀಕ್ಷೆಗಳಿಂದ ಪಶ್ಚಿಮದ ಮರಗಳು, ಪೂರ್ವದ ಮರಗಳು, ಮಡಗಾಸ್ಕರಿನ ಮರಗಳು ಬೇರೆ ಬೇರೆ ವಂಶಗಳೆಂದು ತಿಳಿದುಬಂದಿದೆ. ತೊಗಟೆಯಲ್ಲಿರುವ ರಾಸಾಯನಿಕಗಳ ಪ್ರಮಾಣವೂ ಒಂದೊಂದು ಕಡೆ ಒಂದೊಂದು ರೀತಿ. ಒಂದು ಬೆಟ್ಟದ ಮರಗಳೆಲ್ಲ ಅಳಿದರೆ ಇನ್ನೊಂದು ಬೆಟ್ಟದ ಬೀಜವನ್ನು ತಂದು ಆ ನಷ್ಟವನ್ನು ತುಂಬಲಾಗುವುದಿಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

ವಿಜ್ಞಾನಕ್ಕೆ ಈ ಮರದ ಪರಿಚಯವಾದುದು ೧೮೬೦ರ ದಶಕದಲ್ಲಿ. ಗುಸ್ಟಾವ್ ಮಾನ್ ಎಂಬ ಜರ್ಮನ್ ಸಸ್ಯಸಂಗ್ರಾಹಕನು ಕ್ಯಾಮರೂನ್ ಪರ್ವತವನ್ನೂ ಬಿಯೋಕೋವಿನ ಶಿಖರವನ್ನೂ ಏರಿ ಸಂಗ್ರಹಿಸಿದ ಮಾದರಿಗಳನ್ನು ಇಂಗ್ಲೆಂಡಿನ ಕ್ಯೂ ಉದ್ಯಾನಕ್ಕೆ ಕಳುಹಿಸಿದನು. ಅಲ್ಲಿ ಜೋಸೆಫ್ ಹೂಕರ್ ಅದಕ್ಕೆ ಪೈಜಿಯಮ್ ಆಫ್ರಿಕಾನಮ್ ಎಂದು ಹೆಸರಿಟ್ಟನು. (ಈ ಮಾನ್ ಮಹಾಶಯನು ಮುಂದೆ ಭಾರತಕ್ಕೆ ಬಂದು ಅಸ್ಸಾಮಿನ ಅರಣ್ಯ ಇಲಾಖೆಯಲ್ಲಿ ಬಹುಕಾಲ ಅಧಿಕಾರಿಯಾಗಿದ್ದನೆಂಬುದು ನಮ್ಮವರು ನೆನಪಿಡಬಹುದಾದ ಸಂಗತಿ.) ೧೯೬೫ರಲ್ಲಿ ಕಾಲ್ಕ್‌ಮನ್ ಎಂಬ ಡಚ್ ಸಸ್ಯಶಾಸ್ತ್ರಜ್ಞನು ಪೈಜಿಯಮ್ ಗಣವನ್ನೇ ಪ್ರೂನಸ್ಸಿನಲ್ಲಿ ಸೇರಿಸಿದನು. ಆದರೆ ವ್ಯಾಪಾರಿಗಳೂ ಔಷಧ ತಯಾರಕರೂ ಹಳೆಯ ಹೆಸರನ್ನು ಬಿಡಲಿಲ್ಲ. ಇಂದಿಗೂ ಡಬ್ಬಿಗಳ ಮೇಲೆ ಪೈಜಿಯಮ್ ಎಂದೇ ಅಚ್ಚಾಗಿರುತ್ತದೆ. ನಮ್ಮ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲಿಯೂ ಇದೇ ಪೈಜಿಯಮ್ ಗುಂಪಿಗೆ ಸೇರಿದ ಪ್ರೂನಸ್ ಸೈಲಾನಿಕಾ ಎಂಬ ಮರವಿದೆ. ಅದನ್ನು ಕಂಡವರು ಆಫ್ರಿಕದ ಮರದ ರೂಪವನ್ನು ಸುಲಭವಾಗಿ ಊಹಿಸಿಕೊಳ್ಳಬಲ್ಲರು.

ಹೆಸರಿಡುವವರು ಬರುವುದಕ್ಕೆ ಬಹು ಹಿಂದಿನಿಂದಲೂ ಬೆಟ್ಟದ ಜನಕ್ಕೆ ಈ ಮರ ಪರಿಚಿತವೇ. ಕೀನ್ಯದ ಕಿಕುಯು ಜನ ಇದನ್ನು ಮುಇರಿ ಎನ್ನುತ್ತಾರೆ. ಮರದ ಕೆಚ್ಚು ಭಾರವಾದುದು, ಗಟ್ಟಿ. ಗುದ್ದಲಿ ಕೊಡಲಿಗಳ ಕಾವಿಗೆ ಇದಕ್ಕಿಂತ ಒಳ್ಳೆಯದಿಲ್ಲ ಎನ್ನುವವರುಂಟು. ದಕ್ಷಿಣ ಆಫ್ರಿಕದಲ್ಲಿ ಡಚ್ ವಲಸೆಗಾರರು ಇದರಿಂದ ಗಾಡಿಗಳನ್ನು ಮಾಡಿಕೊಂಡರು. ಹಸಿಯಾಗಿ ಕಡಿದಾಗ ಬರುವ ಘಾಟಿನಿಂದಾಗಿ ಅವರು ಇದಕ್ಕೆ ಕೊಟ್ಟ ಹೆಸರಿನ ಅರ್ಥ ‘ಕೆಂಪು ನಾತದ ಮರ’. ಸೌದೆಗೂ ಇದ್ದಿಲಿಗೂ ಉಪಯೋಗ. ತೊಗಟೆಯ ಕಷಾಯವನ್ನು ಜ್ವರಕ್ಕೆ, ಹೊಟ್ಟೆನೋವಿಗೆ, ಎದೆನೋವಿಗೆ ನಾಟಿ ವೈದ್ಯರು ಕೊಡುತ್ತಿದ್ದರು, ಈಗಲೂ ಕೊಡುತ್ತಾರೆ. ಮನೆಗೆ ಬೇಕಾದಾಗ ಒಂದು ಅಂಗೈಯಗಲ ತೊಗಟೆಯನ್ನು ಕೆತ್ತಿಕೊಳ್ಳುವುದರಿಂದ ಮೂವತ್ತು ಮೀಟರಿನ ಮರಕ್ಕೆ ಏನೂ ಆಗುವುದಿಲ್ಲ. ನೂರಾರು ವರ್ಷ ಹೀಗೆಯೇ ನಡೆಯಿತು.

ಅನಂತರ ೧೯೬೬ ಬಂತು. ಆ ವರ್ಷ ಫ್ರಾನ್ಸಿನ ಝಾಕ್ ದೆಬಾ ಎಂಬುವನು ಈ ತೊಗಟೆಯ ಸಾರವನ್ನು ಪ್ರೋಸ್ಟೇಟ್ ಗ್ರಂಥಿಯ ಊತಕ್ಕೆ ಔಷಧವೆಂದು ಹಕ್ಕುಪತ್ರ ಪಡೆದನು. ಗಂಡಸರಲ್ಲಿ ಮೂತ್ರಕೋಶದ ಬಾಯಲ್ಲಿರುವ ಈ ಗ್ರಂಥಿ ವಯಸ್ಸಾದಂತೆ ದಪ್ಪವಾಗುವುದು ಸಾಮಾನ್ಯ. ಅದು ಕ್ಯಾನ್ಸರಲ್ಲ, ಆದರೆ ಮೂತ್ರನಾಳವನ್ನು ಒತ್ತುವುದರಿಂದ ಮೂತ್ರವಿಸರ್ಜನೆಗೆ ತೊಂದರೆ, ರಾತ್ರಿ ಹಲವು ಸಲ ಏಳಬೇಕಾದ ಕಷ್ಟ. ಎಪ್ಪತ್ತರ ದಶಕದ ಹೊತ್ತಿಗೆ ಫ್ರಾನ್ಸ್, ಇಟಲಿ ಮೊದಲಾದ ದೇಶಗಳಲ್ಲಿ ಈ ಸಾರದ ಗುಳಿಗೆ ಬಳಕೆಗೆ ಬಂತು. ಕ್ಯಾಮರೂನಿನಲ್ಲಿ ತೊಗಟೆಯನ್ನು ಒಣಗಿಸಿ ಸಾರ ತೆಗೆಯುವ ಕಾರ್ಖಾನೆಯೂ ಎದ್ದಿತು. ಎಂಬತ್ತರ ದಶಕದ ಕೊನೆಗೆ ಆ ಒಂದು ಕಾರ್ಖಾನೆಯೇ ವರ್ಷಕ್ಕೆ ಎರಡು ಸಾವಿರ ಟನ್ನಿಗೆ ಸಮೀಪವಾದಷ್ಟು ತೊಗಟೆಯನ್ನು ನುಂಗುತ್ತಿತ್ತು. ತೊಂಬತ್ತರ ದಶಕದಲ್ಲಿ ಎಲ್ಲ ದೇಶಗಳೂ ಸೇರಿ ವರ್ಷಕ್ಕೆ ಮೂರು ಸಾವಿರದಿಂದ ಐದು ಸಾವಿರ ಟನ್ನುಗಳಷ್ಟು ತೊಗಟೆ ಹೊರಗೆ ಹೋಗುತ್ತಿತ್ತೆಂದು ಅಂದಾಜು. ಇದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಕಾಡುಮರಗಳಿಂದ ಬಂದದ್ದು.

ತೊಗಟೆ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರಲ್ಲಿ ನಿಜವಾಗಿ ಎರಡು ಭಾಗಗಳಿವೆ. ಹೊರಗಿನದು ನಿರ್ಜೀವವಾದ ಬಿರುಸು ಪದರ. ಮರದ ಅಂಗಿ ಎನ್ನಬಹುದು. ಅದರೊಳಗಿನದು ಜೀವಂತವಾದ ಫ್ಲೋಯೆಮ್. ಎಲೆಗಳು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆ ಬೇರಿಗೆ ಇಳಿಯುವುದು ಈ ದಾರಿಯಿಂದಲೇ. ಫ್ಲೋಯೆಮಿಗೂ ಕಟ್ಟಿಗೆಗೂ ನಡುವೆ, ಕಣ್ಣಿಗೆ ಕಾಣುವುದೇ ಕಷ್ಟವೆನ್ನುವಷ್ಟು ತೆಳುವಾದ ಕೇಂಬಿಯಮ್ ಎಂಬ ಪೊರೆಯಿದೆ. ಒಳಕ್ಕೆ ಕಟ್ಟಿಗೆಯನ್ನೂ ಹೊರಕ್ಕೆ ಹೊಸ ತೊಗಟೆಯನ್ನೂ ಹುಟ್ಟಿಸುವುದು ಈ ಪೊರೆ. ಹದಿನೇಳನೆಯ ಶತಮಾನದಲ್ಲಿಯೇ ಇಟಲಿಯ ಮಾಲ್ಪೀಘಿಯು ಕೊಂಬೆಯ ಸುತ್ತ ಉಂಗುರದಂತೆ ತೊಗಟೆಯನ್ನು ತೆಗೆದು, ಉಂಗುರದ ಮೇಲಿನ ಭಾಗ ಊದಿಕೊಳ್ಳುವುದನ್ನು ಕಂಡಿದ್ದನು. ಮೇಲಿನಿಂದ ಇಳಿಯುವ ಆಹಾರಕ್ಕೆ ದಾರಿ ಕಟ್ಟಿದಾಗ ಅದು ಅಲ್ಲಿಯೇ ನಿಲ್ಲುತ್ತದೆ. ಈ ಪ್ರಯೋಗವನ್ನು ವಿದ್ಯಾರ್ಥಿಗಳು ಹಿತ್ತಿಲಿನ ಯಾವುದಾದರೂ ದಾಸವಾಳದ ಕಡ್ಡಿಯ ಮೇಲೆ ಮಾಡಿ ನೋಡಬಹುದು. ಕಾಂಡದ ಸುತ್ತಲೂ ಹೀಗೆ ಸುಲಿದರೆ ಬೇರು ಉಪವಾಸ ಬೀಳುತ್ತದೆ. ಆದರೆ ನೀರು ಮೇಲೇರುವುದು ಒಳಗಿನ ಕಟ್ಟಿಗೆಯ ಮೂಲಕವಾದುದರಿಂದ ಎಲೆಗಳು ಕೂಡಲೇ ಬಾಡುವುದಿಲ್ಲ. ಬೇರಿನಲ್ಲಿ ಕೂಡಿಟ್ಟ ಆಹಾರ ಮುಗಿಯುವವರೆಗೂ ಮರ ಜೀವದಿಂದಿರುವಂತೆ ತೋರುತ್ತದೆ. ನಾವು ಆರಂಭದಲ್ಲಿ ಹೇಳಿದ ಮೋಸ ಇರುವುದು ಇಲ್ಲಿ.

ಪೈಜಿಯಮ್ ಈ ವಿಷಯದಲ್ಲಿ ಇತರ ಮರಗಳಿಗಿಂತ ಸಹಿಷ್ಣುವೆಂದು ಹೇಳಬೇಕು. ಕೇಂಬಿಯಮಿಗೆ ಪೆಟ್ಟಾಗದಂತೆ, ಗಾಳಿಯಲ್ಲಿ ತೇವವಿರುವ ಋತುವಿನಲ್ಲಿ ಸುಲಿದರೆ ಹೊಸ ತೊಗಟೆ ಬೆಳೆದು ಗಾಯ ಮಾಯುತ್ತದೆ. ಈ ಗುಣವನ್ನು ನಂಬಿಯೇ ಕ್ಯಾಮರೂನಿನಲ್ಲಿ ಒಂದು ನಿಯಮವನ್ನು ಮಾಡಲಾಯಿತು: ಕಾಂಡದ ಸುತ್ತಳತೆಯನ್ನು ನಾಲ್ಕು ಪಾಲು ಮಾಡಿ, ಎದುರುಬದುರಾದ ಎರಡು ಪಾಲುಗಳ ತೊಗಟೆಯನ್ನು ಮಾತ್ರ ಮೊದಲ ಕೊಂಬೆಯವರೆಗೆ ತೆಗೆಯುವುದು, ನಾಲ್ಕೈದು ವರ್ಷ ಬಿಟ್ಟು ಉಳಿದೆರಡು ಪಾಲುಗಳಿಗೆ ಬರುವುದು. ಸಸ್ಯಶಾಸ್ತ್ರದ ದೃಷ್ಟಿಯಿಂದ ಇದು ಬಹಳ ವಿವೇಕದ ನಿಯಮ. ಕಾರ್ಖಾನೆಯ ಪಳಗಿದ ಆಳುಗಳು ಮಾತ್ರ ಸುಲಿಯುತ್ತಿದ್ದಷ್ಟು ಕಾಲ ಸುಮಾರಾಗಿ ನಡೆಯಿತು ಕೂಡ. ಎಂಬತ್ತರ ದಶಕದ ನಡುವೆ ಸರಕಾರವು ಹೊಸದಾಗಿ ಐವತ್ತು ಮಂದಿಗೆ ಪರವಾನಗಿ ಕೊಟ್ಟಿತು. ಆಗ ಒಬ್ಬನು ಬಿಟ್ಟುಹೋದ ಅರ್ಧವನ್ನು ಇನ್ನೊಬ್ಬನು ಮರುದಿನವೇ ಬಂದು ಸುಲಿದನು. ಕೊಂಬೆಗಳ ತೊಗಟೆಗಾಗಿ ಮರವನ್ನೇ ಉರುಳಿಸಿದವರೂ ಉಂಟು. ದೊಡ್ಡ ಮರದ ಮೈಯೆಲ್ಲ ಸುಲಿದರೆ ಟನ್ನಿನವರೆಗೂ ಸಿಕ್ಕೀತು, ನಿಯಮದಂತೆ ಸುಲಿದರೆ ಸರಾಸರಿ ಐವತ್ತು ಅರವತ್ತು ಕಿಲೋ ಮಾತ್ರ!

ಸುಲಿದವನನ್ನು ದೂರುವುದು ಸುಲಭ. ಆದರೆ ಅವನ ಜಾಗದಲ್ಲಿ ನಿಂತು ಆಲೋಚಿಸಿರಿ. ಮರ ಅವನದಲ್ಲ. ಐದು ವರ್ಷದ ಮೇಲೆ ಉಳಿದ ಅರ್ಧದ ತೊಗಟೆ ತನಗೇ ಸಿಗುವುದೆಂಬ ಭರವಸೆ ಅವನಿಗೆ ಯಾರೂ ಕೊಟ್ಟಿಲ್ಲ. ತಾನು ಬಿಟ್ಟದ್ದನ್ನು ಬೇರೊಬ್ಬನು ಒಯ್ಯುವುದು ನಿಶ್ಚಯವಾಗಿರುವಾಗ ಬಿಡುವುದು ದಡ್ಡತನವೆಂದು ಅವನಿಗೆ ತೋರಿದರೆ ಆಶ್ಚರ್ಯವಿಲ್ಲ. ಮಕ್ಕಳ ಶಾಲೆಯ ಶುಲ್ಕ ಈ ತಿಂಗಳೇ ಕಟ್ಟಬೇಕು; ಮರದ ಬೇರು ಉಪವಾಸ ಬೀಳುವುದು ಮುಂದಿನ ಮಾತು. ಕೇಂಬಿಯಮಿನ ಪಾಠವನ್ನು ಅವನಿಗೆ ಎಷ್ಟು ಚೆನ್ನಾಗಿ ಹೇಳಿಕೊಟ್ಟರೂ ಈ ಲೆಕ್ಕ ಬದಲಾಗುವುದಿಲ್ಲ.

ಲೆಕ್ಕದ ಮಾತು ಬಂದುದರಿಂದ ಇನ್ನೊಂದು ಲೆಕ್ಕವನ್ನೂ ಹಾಕಿಬಿಡೋಣ. ಸುಮಾರು ಎರಡು ಸಾವಿರ ಕಿಲೋ ಹಸಿ ತೊಗಟೆ ಒಣಗಿದರೆ ಒಂದು ಸಾವಿರ ಕಿಲೋ. ಅದರಿಂದ ದೊರೆಯುವ ಸಾರ ಐದು ಕಿಲೋ. ರೋಗಿ ದಿನಕ್ಕೆ ತೆಗೆದುಕೊಳ್ಳುವ ಸಾರ ಸಾಮಾನ್ಯವಾಗಿ ೧೦೦ ಮಿಲಿಗ್ರಾಂ, ಎಂದರೆ ವರ್ಷಕ್ಕೆ ಮೂವತ್ತಾರೂವರೆ ಗ್ರಾಂ. ಅಷ್ಟಕ್ಕೆ ಬೇಕಾಗುವ ಹಸಿ ತೊಗಟೆ ಹದಿನೈದು ಕಿಲೋವಿಗೆ ತುಸು ಕಡಮೆ. ನಿಯಮದಂತೆ ಸುಲಿದ ಮರ ಐದು ವರ್ಷಕ್ಕೊಮ್ಮೆ ಐವತ್ತೈದು ಕಿಲೋ ಕೊಟ್ಟರೆ ವರ್ಷಕ್ಕೆ ಹನ್ನೊಂದು ಕಿಲೋ ಆಯಿತು. ಹಾಗಾದರೆ ಯೂರೋಪಿನಲ್ಲಿಯೋ ಅಮೆರಿಕದಲ್ಲಿಯೋ ಈ ಗುಳಿಗೆ ನುಂಗುವ ಒಬ್ಬ ವೃದ್ಧನಿಗಾಗಿ ಆಫ್ರಿಕದ ಬೆಟ್ಟದಲ್ಲಿ ಒಂದಕ್ಕಿಂತ ಹೆಚ್ಚು ದೊಡ್ಡ ಮರಗಳು ಸದಾ ಮೀಸಲಾಗಿ ನಿಂತಿರಬೇಕು! ಲೆಕ್ಕ ಸ್ಥೂಲವಾದುದು, ಒಪ್ಪುತ್ತೇವೆ. ಹೆಚ್ಚುಕಡಿಮೆಯಾದರೂ ಅದರ ತಾತ್ಪರ್ಯ ಬದಲಾಗದು. ಲಕ್ಷಗಟ್ಟಲೆ ರೋಗಿಗಳಿಗೆ ಲಕ್ಷಗಟ್ಟಲೆ ಮರ ಬೇಕು. ಅಷ್ಟು ಮರಗಳನ್ನು ಚದುರಿದ ಬೆಟ್ಟದ ಕಾಡುಗಳಿಂದ, ಅದೂ ಬೇಸಾಯಕ್ಕಾಗಿ ವರ್ಷವರ್ಷವೂ ಕಿರಿದಾಗುತ್ತಿರುವ ಕಾಡುಗಳಿಂದ, ಶಾಶ್ವತವಾಗಿ ಪಡೆಯುತ್ತೇವೆಂಬುದು ಭ್ರಮೆ.

ಔಷಧಕ್ಕೆ ಗುಣವಿದೆಯೇ ಎಂದು ಯಾರಾದರೂ ಕೇಳಬಹುದು, ಕೇಳತಕ್ಕದ್ದೇ. ತೊಗಟೆಯಲ್ಲಿ ಬೀಟಾ ಸಿಟೋಸ್ಟೆರಾಲ್, ಅರ್ಸೋಲಿಕ್ ಆಮ್ಲ, ಫೆರೂಲಿಕ್ ಆಮ್ಲದ ಎಸ್ಟರುಗಳು ಮೊದಲಾದವು ಇವೆ. ಇವೆಲ್ಲ ಕೂಡಿ ಊತವನ್ನು ತಗ್ಗಿಸುತ್ತವೆಂದು ಊಹೆ. ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ೨೦೦೨ರ ವಿಮರ್ಶೆಯಲ್ಲಿ ೧೮ ಪ್ರಯೋಗಗಳನ್ನು, ಒಟ್ಟು ೧೫೬೨ ರೋಗಿಗಳನ್ನು ಪರಿಶೀಲಿಸಲಾಯಿತು. ರೋಗಿಗಳಿಗೆ ಸಾಧಾರಣ ಮಟ್ಟದ ಉಪಶಮನ ದೊರೆತಿದೆ, ರಾತ್ರಿ ಏಳುವುದು ಸುಮಾರು ಐದರಲ್ಲೊಂದು ಪಾಲು ತಗ್ಗಿದೆ, ಆದರೆ ಪ್ರಯೋಗಗಳು ಚಿಕ್ಕವು, ಒಂದೆರಡರಿಂದ ನಾಲ್ಕು ತಿಂಗಳು ಮಾತ್ರ ನಡೆದವು ಎಂಬುದು ಅದರ ತೀರ್ಪು. ಎಂದರೆ ಇದು ಮೋಸದ ಮದ್ದಲ್ಲ. ಪ್ರಾಣ ಉಳಿಸುವ ಸಂಜೀವಿನಿಯೂ ಅಲ್ಲ. ಕಾರ್ಖಾನೆಗಳಲ್ಲಿ ಸಂಯೋಜಿಸಿದ ಬೇರೆ ಮದ್ದುಗಳು ತೊಂಬತ್ತರ ದಶಕದಿಂದಲೂ ಈ ರೋಗಕ್ಕೆ ದೊರೆಯುತ್ತಿವೆ. ಹೀಗಿರುವಾಗ ‘ಪ್ರಕೃತಿಯ ಕೊಡುಗೆ’ ಎಂದು ಡಬ್ಬಿಯ ಮೇಲೆ ಬರೆದು ಮಾರುವವರು, ಆ ಕೊಡುಗೆಯನ್ನು ಕೊಟ್ಟ ಮರ ಇನ್ನೂ ನಿಂತಿದೆಯೇ ಎಂಬುದನ್ನೂ ಅದರ ಪಕ್ಕದಲ್ಲಿ ಬರೆಯಬೇಕೆಂದು ನಮಗೆ ತೋರುತ್ತದೆ.

ಕಾನೂನು ಸುಮ್ಮನೆ ಕುಳಿತಿಲ್ಲ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಗೆ ೧೯೯೫ರಲ್ಲಿ ಈ ಮರ ಸೇರಿತು. ಮರಕ್ಕೆ ಹಾನಿಯಿಲ್ಲವೆಂದು ಪ್ರಮಾಣಿಸದೆ ತೊಗಟೆಯನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ೧೯೯೮ರಲ್ಲಿ ಇದನ್ನು ಅಪಾಯಕ್ಕೆ ಸಿಲುಕಬಹುದಾದ ಪ್ರಭೇದವೆಂದು ಜಾಗತಿಕ ಕೆಂಪು ಪಟ್ಟಿಯಲ್ಲಿ ದಾಖಲೆ ಮಾಡಲಾಯಿತು. ೨೦೦೭ರಲ್ಲಿ ಯೂರೋಪಿನ ಒಕ್ಕೂಟವು ಕ್ಯಾಮರೂನಿನಿಂದ ತೊಗಟೆಯ ಆಮದನ್ನೇ ನಿಲ್ಲಿಸಿತು; ಕೆಲವು ವರ್ಷಗಳ ಮೇಲೆ, ಮರಗಳನ್ನು ಎಣಿಸಿ ಪ್ರಾಂತಪ್ರಾಂತಕ್ಕೆ ಮಿತಿಯನ್ನು ಗೊತ್ತುಪಡಿಸಿದ ಅನಂತರ, ಮತ್ತೆ ಬಿಟ್ಟುಕೊಂಡಿತು. ಇವೆಲ್ಲ ಬೇಕಾದ ಕ್ರಮಗಳೇ. ಮರಗಳನ್ನು ಎಣಿಸುವ ಕೆಲಸವಾದರೂ ಇದರಿಂದ ಆಯಿತಲ್ಲ. ಆದರೆ ಬಂದರಿನಲ್ಲಿ ಕುಳಿತ ಅಧಿಕಾರಿಗೆ ಕಾಣುವುದು ಮೂಟೆ ಮಾತ್ರ. ಮೂಟೆಯೊಳಗಿನ ತೊಗಟೆ ಅರ್ಧ ಸುಲಿದ ಮರದ್ದೋ ಪೂರ್ತಿ ಸುಲಿದ ಮರದ್ದೋ, ಕಾಡಿನದೋ ಹಿತ್ತಿಲಿನದೋ ಎಂಬುದನ್ನು ನೋಡಿ ಹೇಳಬಲ್ಲ ಕಣ್ಣು ಯಾರಿಗಿದೆ? ಅದೂ ಅಲ್ಲದೆ ಈ ಮರ ಹೆಚ್ಚಾಗಿರುವ ಕ್ಯಾಮರೂನಿನ ವಾಯವ್ಯ ಮತ್ತು ನೈರುತ್ಯ ಪ್ರಾಂತಗಳಲ್ಲಿ ೨೦೧೭ರಿಂದೀಚೆಗೆ ಸಶಸ್ತ್ರ ಕಲಹ ನಡೆದಿದೆ. ಅಂಥಲ್ಲಿ ಕಾವಲುಗಾರನನ್ನು ನಂಬಿ ಕೂರಲಾಗದು.

ತೊಗಟೆಯನ್ನು ಕೊಳ್ಳೆಯಿಂದ ಬೆಳೆಗೆ ತಿರುಗಿಸುವುದು ಜಗತ್ತಿಗೆ ಹೊಸ ವಿದ್ಯೆಯಲ್ಲ. ಅದರ ದೊಡ್ಡ ನಿದರ್ಶನ ನಮ್ಮ ನೆರೆಯಲ್ಲೇ ಇದೆ. ಮಲೇರಿಯಾಕ್ಕೆ ಮದ್ದಾದ ಕ್ವಿನೈನನ್ನು ಕೊಡುವ ಸಿಂಕೋನಾ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಮರ. ಅಲ್ಲಿಯೂ ತೊಗಟೆಗಾಗಿ ಮರಗಳನ್ನು ಕಡಿದು ಕಡಿದು ಕಾಡು ಬರಿದಾಗುತ್ತ ಬಂದಿತ್ತು. ೧೮೬೦ರ ದಶಕದಲ್ಲಿ ಅದರ ಬೀಜ ಸಸಿಗಳನ್ನು ನೀಲಗಿರಿಗೆ ತಂದು ಉದಕಮಂಡಲದ ಸುತ್ತ ನೆಟ್ಟರು. ಅಲ್ಲಿನ ತೋಟಗಳ ಮೇಲ್ವಿಚಾರಕನಾಗಿದ್ದ ಮ್ಯಾಕೈವರ್ ಎಂಬುವನು ತೊಗಟೆಯನ್ನು ಪಟ್ಟೆಪಟ್ಟೆಯಾಗಿ ಬಿಟ್ಟುಬಿಟ್ಟು ತೆಗೆದು, ಗಾಯದ ಮೇಲೆ ಹಸಿ ಪಾಚಿಯನ್ನು ಕಟ್ಟಿ ಮರವನ್ನು ಉಳಿಸುವ ಕ್ರಮವನ್ನು ಕಂಡುಹಿಡಿದನು. ಪಾಚಿಯ ಕೆಳಗೆ ಕೇಂಬಿಯಮ್ ಒಣಗದೆ ಹೊಸ ತೊಗಟೆಯನ್ನು ಬೆಳೆಸಿತು. ಹಾಗೆ ಬೆಳೆದ ತೊಗಟೆಯಲ್ಲಿ ಔಷಧಾಂಶ ಮೊದಲಿಗಿಂತ ಹೆಚ್ಚಾಗಿಯೂ ಇತ್ತು. ಮ್ಯಾಕೈವರನಿಗೆ ಇಷ್ಟು ತಾಳ್ಮೆ ಹೇಗೆ ಬಂತು? ನಾಳೆಯೂ ನಾಳಿದ್ದೂ ಆ ಮರ ಅದೇ ತೋಟದಲ್ಲಿ, ಅವನ ಸುಪರ್ದಿನಲ್ಲೇ ಇರುತ್ತಿತ್ತು.

ಸಿಂಕೋನಾದ ಕಥೆಗೆ ಇನ್ನೊಂದು ಮುಖವೂ ಇದೆ. ಅದನ್ನು ಮರೆಸಿ ಬರೆಯುವುದು ನ್ಯಾಯವಲ್ಲ. ಬೀಜ ಕಡಲು ದಾಟಿದ ಮೇಲೆ ವ್ಯಾಪಾರವೂ ದಾಟಿತು. ಎರಡನೆಯ ಮಹಾಯುದ್ಧಕ್ಕೆ ಮುನ್ನ ಲೋಕದ ಕ್ವಿನೈನಿನ ಬಹುಪಾಲು ಡಚ್ಚರ ಜಾವಾ ದ್ವೀಪದಿಂದ ಬರುತ್ತಿತ್ತು. ಆ ಮರವನ್ನು ಲೋಕಕ್ಕೆ ತೋರಿಸಿಕೊಟ್ಟ ಆಂಡೀಸಿನ ಬೆಟ್ಟಗರಿಗೆ ಅದರಿಂದ ಕಾಸಿನ ಲಾಭ ಬರಲಿಲ್ಲ. ಪೈಜಿಯಮಿನ ವಿಷಯದಲ್ಲಿ ಇದು ಮತ್ತೊಮ್ಮೆ ನಡೆಯಕೂಡದು. ಮರವನ್ನು ನೆಡಬೇಕು, ನಿಜ. ಎಲ್ಲಿ, ಯಾರ ಹೊಲದಲ್ಲಿ ಎಂಬುದೂ ಅಷ್ಟೇ ಮುಖ್ಯ. ಔಷಧ ಸಂಸ್ಥೆಗಳು ಬೇರೊಂದು ಖಂಡದಲ್ಲಿ ದೊಡ್ಡ ತೋಟ ಹಾಕಿದರೆ ಕಾಡಿಗೆ ತುಸು ನೆಮ್ಮದಿಯಾದೀತು. ಓಕು ಬೆಟ್ಟದ ರೈತನಿಗೆ ಏನೂ ಸಿಗಲಾರದು. ತನಗೇನೂ ಸಿಗದ ಕಾಡನ್ನು ಅವನು ಹೊಲವಾಗಿ ಮಾಡದೆ ಏಕೆ ಬಿಟ್ಟಾನು?

ಓಕುವಿನ ಹೆಸರನ್ನು ಸುಮ್ಮನೆ ಎತ್ತಿಲ್ಲ. ಕ್ಯಾಮರೂನಿನ ವಾಯವ್ಯದಲ್ಲಿ ೩೦೧೧ ಮೀಟರು ಎತ್ತರದ ಓಕು ಬೆಟ್ಟವಿದೆ. ಅದರ ಮೈಮೇಲಿನದು ಕಿಲುಮ್ ಇಜಿಮ್ ಅರಣ್ಯ. ಬ್ಯಾನರ್‌ಮನ್ ಟುರಾಕೊ ಎಂಬ ಕೆಂಪು ಜುಟ್ಟಿನ ಹಕ್ಕಿಗೆ ಈ ಬೆಟ್ಟಸಾಲಿನ ಕಾಡುಗಳ ಹೊರತು ಬೇರೆಲ್ಲೂ ಮನೆಯಿಲ್ಲ. ಸುತ್ತಲಿನ ಹಳ್ಳಿಗಳು ತಮ್ಮ ತಮ್ಮ ಪಾಲಿನ ಕಾಡನ್ನು ಸಮುದಾಯ ಅರಣ್ಯವೆಂದು ನೋಡಿಕೊಳ್ಳುವ ಏರ್ಪಾಡು ಅಲ್ಲಿ ಬಂದಿದೆ. ಅದಕ್ಕಿಂತಲೂ ನಮ್ಮ ಗಮನವನ್ನು ಸೆಳೆಯುವುದು, ಆ ಪ್ರಾಂತದ ಸಾವಿರಾರು ರೈತರು ಯಾವ ಅಧಿಕಾರಿಯ ಒತ್ತಾಯಕ್ಕೂ ಕಾಯದೆ ಕಾಫಿ ಗಿಡಗಳ ನಡುವೆ, ಹೊಲದ ಬದುಗಳಲ್ಲಿ ಪೈಜಿಯಮ್ ಸಸಿಗಳನ್ನು ನೆಟ್ಟುಕೊಂಡಿರುವುದು. ನಾವು ಹೇಳಬೇಕೆಂದಿದ್ದ ಪರಿಹಾರ ಇದೇ. ರೈತರು ಅದನ್ನು ನಮಗಿಂತ ಮೊದಲೇ ಕಂಡುಕೊಂಡಿದ್ದಾರೆ.

ಇದರಲ್ಲಿ ಅಡಚಣೆಗಳಿಲ್ಲವೆಂದು ನಾವು ಹೇಳುವುದಿಲ್ಲ. ಮೊದಲನೆಯದು ಬೀಜದ್ದು. ಇದರ ಬೀಜವನ್ನು ರಾಗಿ ಜೋಳದಂತೆ ಒಣಗಿಸಿ ವರ್ಷಾನುಗಟ್ಟಲೆ ಕಣಜದಲ್ಲಿಡಲಾಗದು. ಕೆಲವೇ ತಿಂಗಳಲ್ಲಿ ಮೊಳೆಯುವ ಶಕ್ತಿ ಹೋಗುತ್ತದೆ. ಹಣ್ಣಾದೊಡನೆ ಆರಿಸಿ, ತಿರುಳನ್ನು ಉಜ್ಜಿ ತೆಗೆದು ಬಿತ್ತಬೇಕು. ಕಾಡಿನಲ್ಲಿ ಹಿರಿಯ ಮರಗಳು ಸತ್ತರೆ ಸಸಿಮಡಿಗೆ ಬೀಜವೇ ಇಲ್ಲ. ಆದಕಾರಣ ಹೊಲದ ಮರ ಬಂದಿತೆಂದು ಕಾಡಿನ ಮರವನ್ನು ಅಲಕ್ಷಿಸುವಂತಿಲ್ಲ. ಅದು ಬೀಜದ ಕಣಜ. ಒಂದೊಂದು ಬೆಟ್ಟದಲ್ಲಿಯೂ ಉತ್ತಮ ಮರಗಳು ಸುಲಿಗಾರನ ಕತ್ತಿ ಸೋಕದಂತೆ ಬೀಜಕ್ಕಾಗಿಯೇ ಇರಬೇಕು. ಎರಡನೆಯದು ಕಾಲ. ಸಸಿ ನೆಟ್ಟು ತೊಗಟೆಗೆ ಕೈಹಚ್ಚಲು ಹನ್ನೆರಡು ಹದಿನೈದು ವರ್ಷ ಕಾಯಬೇಕು. ಬಡವನು ಅಷ್ಟು ಕಾಲ ಹೇಗೆ ಕಾದಾನು ಎಂಬ ಆಕ್ಷೇಪಣೆ ಯುಕ್ತವಾದುದು. ಉತ್ತರ ಇಷ್ಟೇ: ಅವನು ಈ ಮರವೊಂದನ್ನೇ ನಂಬಿ ನೆಡುವುದಿಲ್ಲ. ನಮ್ಮ ಮಲೆನಾಡಿನ ರೈತನು ತೋಟದಂಚಿನಲ್ಲಿ ಹಲಸನ್ನೋ ಹೊನ್ನೆಯನ್ನೋ ಬಿಟ್ಟುಕೊಂಡ ಹಾಗೆ ಅವನದೂ. ಕಾವಿಗೆ ಕೋಲು, ಒಲೆಗೆ ಸೌದೆ, ಗಾಳಿಗೆ ತಡೆ, ಜೇನಿಗೆ ಹೂ ಹೀಗೆ ಸಣ್ಣಪುಟ್ಟ ಲಾಭ ಬರುತ್ತಿರುತ್ತದೆ. ತೊಗಟೆ ಮಗಳ ಮದುವೆಗೋ ಮಗನ ಓದಿಗೋ ಕೂಡಿಟ್ಟ ಗಂಟು.

ಮೂರನೆಯ ಅಡಚಣೆ ಮನುಷ್ಯರು ಮಾಡಿದ್ದು, ಆದುದರಿಂದ ಮನುಷ್ಯರೇ ತೆಗೆಯಬಲ್ಲದ್ದು. ತಾನು ನೆಟ್ಟ ಮರದ ತೊಗಟೆಯನ್ನು ಮಾರುವುದಕ್ಕೂ ರೈತನು ಅದು ಕಾಡಿನದಲ್ಲವೆಂದು ಪತ್ರ ತರಬೇಕು. ಪತ್ರ ಕೊಡುವ ಕಚೇರಿ ದೂರ, ಪತ್ರಕ್ಕೆ ಹಣ. ನೆಟ್ಟವನಿಗೂ ಕದ್ದವನಿಗೂ ಒಂದೇ ಬಾಗಿಲು ಮುಚ್ಚಿದರೆ ಕದ್ದವನಿಗೆ ಹಿತ್ತಿಲ ದಾರಿ ಗೊತ್ತಿರುತ್ತದೆ, ನೆಟ್ಟವನಿಗೆ ಗೊತ್ತಿರುವುದಿಲ್ಲ. ೨೦೦೭ರ ನಿಷೇಧ ನೆಟ್ಟ ಮರವನ್ನೂ ಕಾಡುಮರವನ್ನೂ ಬೇರೆ ಮಾಡಿ ನೋಡಲಿಲ್ಲ. ಇಪ್ಪತ್ತು ವರ್ಷ ಕಾದ ರೈತನಿಗೆ ಅದು ಕೊಟ್ಟ ಪಾಠ, ಮರ ನೆಟ್ಟು ಪ್ರಯೋಜನವಿಲ್ಲವೆಂಬುದು. ಇಂತಹ ಪಾಠ ಕಾಡಿಗೆ ಸುಲಿಗಾರನ ಕತ್ತಿಗಿಂತ ಅಪಾಯಕರ. ಸಸಿ ನೆಟ್ಟ ವರ್ಷವೇ ಹಳ್ಳಿಯ ಸಭೆಯ ಪುಸ್ತಕದಲ್ಲಿ ಅದನ್ನು ಬರೆಸಿ, ಆ ಬರಹವನ್ನೇ ಮುಂದೆ ಪತ್ರವೆಂದು ಒಪ್ಪುವುದಾದರೆ ಈ ಕಷ್ಟದಲ್ಲಿ ಮುಕ್ಕಾಲು ಪಾಲು ಕಳೆದೀತು. ಕಾಡಿನ ತೊಗಟೆಯ ಹಕ್ಕನ್ನೂ ಪಟ್ಟಣದ ಗುತ್ತಿಗೆದಾರನಿಗಿಂತ ಬೆಟ್ಟದ ಹಳ್ಳಿಗಳ ಸುಲಿಗಾರರ ಸಂಘಗಳಿಗೆ, ದೀರ್ಘಕಾಲಕ್ಕೆ, ಒಂದೊಂದು ಇಳಿಜಾರು ಒಂದೊಂದು ಸಂಘಕ್ಕೆಂದು ಕೊಡುವುದು ಲೇಸು. ಕ್ಯಾಮರೂನ್ ಪರ್ವತದ ತಪ್ಪಲಿನಲ್ಲಿ ಇಂತಹ ಸಂಘ ಏರ್ಪಟ್ಟದ್ದುಂಟು. ಐದು ವರ್ಷದ ಮೇಲೆ ಉಳಿದ ಅರ್ಧಕ್ಕೆ ತಾನೇ ಬರುತ್ತೇನೆಂದು ಬಲ್ಲವನು ಕೇಂಬಿಯಮಿಗೆ ಕತ್ತಿಯ ಮೊನೆ ತಾಗದಂತೆ ತಾನಾಗಿಯೇ ಎಚ್ಚರ ವಹಿಸುತ್ತಾನೆ.

ಈ ದೂರದ ಮರದ ಮಾತು ನಮಗೇಕೆ ಎನ್ನುವ ಓದುಗರು ಊದುಬತ್ತಿಯೊಂದನ್ನು ಕೈಗೆ ತೆಗೆದುಕೊಂಡು ನೋಡಬಹುದು. ಅದರ ಹಿಟ್ಟು ಕಡ್ಡಿಗೆ ಅಂಟಿಕೊಳ್ಳಲು ಬೆರೆಸುವ ಜಿಗಟಿನ ಪುಡಿ ಬಹುಕಾಲದಿಂದ ಬರುತ್ತಿರುವುದು ಗುಳಮಾವು ಮೊದಲಾದ ಮರಗಳ ತೊಗಟೆಯಿಂದ. ಗುಳಮಾವೂ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ವೃಕ್ಷವೇ. ಅದರ ತೊಗಟೆಯನ್ನು ಸುಲಿದು ತರುವವನಿಗೆ ಮುಂದಿನ ಸಲದ ತೊಗಟೆಯ ಮೇಲೆ ಯಾವ ಹಕ್ಕಿದೆ ಎಂದು ಮಲೆನಾಡಿನ ಕಡೆಯ ವಿದ್ಯಾರ್ಥಿಗಳು ತಮ್ಮ ಊರಿನಲ್ಲಿ ವಿಚಾರಿಸಿ ನಮಗೆ ಬರೆದರೆ ಅದನ್ನು ಸಂತೋಷದಿಂದ ಪ್ರಕಟಿಸುತ್ತೇವೆ.